ಸಿಂಹ ಬಿಟ್ಟು ಪಾಠ ಮಾಡಿ

ಮಾನ್ಯ ಸಂಪಾದಕರೇ,

ವಿದೇಶದಲ್ಲಿ ಓದುವವರ ಬಗ್ಗೆ ನಿಮ್ಮ ಶಿಕ್ಷಣ ಪುಟದಲ್ಲಿ ಬರುವ ಬರಹಗಳನ್ನು ತಪ್ಪದೆ ಓದುತ್ತೇನೆ. ವೀಸಾ, ಫೀಸು, ಪಾರ್ಟ್‌ಟೈಮ್ ಕೆಲಸ, ಇಷ್ಟರಲ್ಲೇ ಮುಗಿದುಹೋಗುತ್ತವೆ. ನಾನು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಶಿಕ್ಷಕಿಯಾಗಲು ಓದುತ್ತಿದ್ದೇನೆ. ಈ ಕೋರ್ಸಿಗೆ ಬರುವವರು ಇನ್ನೊಂದು ಪ್ರಶ್ನೆ ಕೇಳಬೇಕು: ಪಾಠ ಅಭ್ಯಾಸಕ್ಕೆ ಯಾವ ಊರಿನ ಶಾಲೆಗೆ ಕಳಿಸುತ್ತಾರೆ?

ನಮ್ಮ ಬ್ಯಾಚಿನಲ್ಲಿ ಎಲ್ಲರಿಗೂ ನಗರದ ಶಾಲೆಯೇ ಬೇಕಿತ್ತು. ನನಗೂ ಅಷ್ಟೇ. ಸಿಕ್ಕಿದ್ದು ಕೇರ್ನ್ಸ್ ನಗರದಿಂದ ಘಾಟಿ ಹತ್ತಿ ಹೋಗುವ ಅಥರ್ಟನ್ ಟೇಬಲ್‌ಲ್ಯಾಂಡ್ಸ್‌ನ ಪುಟ್ಟ ಶಾಲೆ. ಪಟ್ಟಿ ನೋಡಿ ಮುಖ ಸಣ್ಣಗಾಯಿತು. ಮೊದಲ ದಿನವೇ ಮಕ್ಕಳು ನನ್ನನ್ನು ಮೈದಾನದಿಂದ ನೆರಳಿಗೆ ಕಳಿಸಿದರು. ಟೋಪಿ ಇಲ್ಲದಿದ್ದರೆ ಆಟ ಇಲ್ಲ, ಟೀಚರಿಗೂ ಅದೇ ನಿಯಮ!

4ನೇ ತರಗತಿಗೆ ಆಹಾರ ಸರಪಳಿ ಪಾಠ. ಬೋರ್ಡಿನ ಮೇಲೆ ಹುಲ್ಲು, ಜಿಂಕೆ, ಸಿಂಹ ಬರೆದೆ. ಚಿತ್ರ ಚೆನ್ನಾಗಿಯೇ ಬಂದಿತ್ತು. ಒಬ್ಬ ಹುಡುಗ ಕೈ ಎತ್ತಿ, ‘ಮಿಸ್, ಇದರಲ್ಲಿ ಇಲ್ಲಿನದು ಯಾವುದು?’ ಎಂದ. ಹುಲ್ಲು ಎಂದೆ. ಕ್ಲಾಸ್ ಮುಗಿದ ಮೇಲೆ ಮಾರ್ಗದರ್ಶಕ ಟೀಚರ್ ಹೇಳಿದ್ದು ಒಂದೇ ಮಾತು: ‘ನಾಳೆ ಇದೇ ಪಾಠ ಮತ್ತೆ ಮಾಡಿ. ಸಿಂಹ ಬಿಟ್ಟು.’

ಮರುದಿನ ಕೇನ್ ಟೋಡ್ ಹಿಡಿದುಕೊಂಡೆ, ಅಂದರೆ ಪಾಠಕ್ಕೆ. ಅಲ್ಲಿ ಸಂಜೆಯಾದರೆ ಕಾಲಿಗೆ ಸಿಗುವ ನೆಲಗಪ್ಪೆ ಅದು. ಕಬ್ಬಿನ ಬೇರು ತಿನ್ನುವ ಗೊಣ್ಣೆಹುಳು ಮತ್ತು ಅದರ ದುಂಬಿಗಳ ಕಾಟ ತಪ್ಪಲಿ ಎಂದು 1935ರಲ್ಲಿ ಹವಾಯಿಯಿಂದ ಸುಮಾರು 100 ಕಪ್ಪೆ ತಂದು, ಕೇರ್ನ್ಸ್ ಪಕ್ಕದ ಗೋರ್ಡನ್‌ವೇಲ್‌ನಲ್ಲಿ ಸಾಕಿ, ಮರಿಗಳನ್ನು ಗದ್ದೆಗೆ ಬಿಟ್ಟರು. ಹುಳು ಮಣ್ಣಿನೊಳಗೆ, ದುಂಬಿ ಕಬ್ಬಿನ ತುದಿಯಲ್ಲಿ. ಕಪ್ಪೆಗೆ ಎರಡೂ ಸಿಗಲಿಲ್ಲ. ಅದು ಬೇರೆ ಏನೇನೋ ತಿಂದು ದೇಶದ ಉತ್ತರ ಭಾಗವನ್ನೆಲ್ಲ ತುಂಬಿಕೊಂಡಿತು. ಅದರ ಭುಜದ ಮೇಲಿನ ಗ್ರಂಥಿಗಳಲ್ಲಿ ವಿಷ. ಕ್ವಾಲ್ ಎಂಬ ಚಿಕ್ಕ ಬೆಕ್ಕಿನಷ್ಟು ಗಾತ್ರದ ಚುಕ್ಕೆ ಪ್ರಾಣಿ ಅದನ್ನು ತಿಂದು ಸಾಯುತ್ತದೆ. ನಾನು ಕಪ್ಪೆಯಿಂದ ಕ್ವಾಲ್‌ಗೆ ಬಾಣ ಎಳೆದೆ. ಒಬ್ಬಳು ಎದ್ದು ಬಂದು ಕ್ವಾಲ್ ಮೇಲೆ ಸುಮ್ನೆ ಅಡ್ಡಗೆರೆ ಹಾಕಿ ಹೋದಳು. ಸಿಂಹದ ಹುಡುಗ ಬಿಡಲಿಲ್ಲ. ‘ಕಾಗೆ ತಿನ್ನುತ್ತೆ ಮಿಸ್. ಅಂಗಾತ ಮಾಡಿ ಹೊಟ್ಟೆಯಿಂದ ತಿನ್ನುತ್ತೆ.’ ನನಗೆ ಗೊತ್ತಿರಲಿಲ್ಲ. ರಾತ್ರಿ ಹುಡುಕಿದೆ. ನಿಜ.

ಆ ಶನಿವಾರ ಟೀಚರ್ ನನ್ನನ್ನು ಯಂಗಬರಾ ಊರಿನ ಪೀಟರ್ಸನ್ ಹಳ್ಳದ ದಂಡೆಗೆ ಕರೆದುಕೊಂಡು ಹೋದರು. ಮುಸ್ಸಂಜೆ. ಮಾತಾಡುವ ಹಾಗಿಲ್ಲ, ನನ್ನಂಥವಳಿಗೆ ಅದೇ ದೊಡ್ಡ ಕಷ್ಟ. 40 ನಿಮಿಷ ಕಾದ ಮೇಲೆ ನೀರಿನಲ್ಲಿ ಗುಳ್ಳೆಗಳ ಸಾಲು, ಆಮೇಲೆ ಪ್ಲಾಟಿಪಸ್, ಬಾತುಕೋಳಿಯಂಥ ಕೊಕ್ಕಿನ ಪ್ರಾಣಿ. ಎಷ್ಟು ಚಿಕ್ಕದು! ಅರ್ಧ ಮೀಟರ್ ಇದ್ದರೆ ಹೆಚ್ಚು. ನಾನು ನೀರುನಾಯಿಯಷ್ಟಾದರೂ ಇರುತ್ತೆ ಅಂದುಕೊಂಡಿದ್ದೆ. 1799ರಲ್ಲಿ ಇದರ ಒಣ ಚರ್ಮ ನೋಡಿದ ಬ್ರಿಟನ್ನಿನ ವಿಜ್ಞಾನಿ ಜಾರ್ಜ್ ಶಾ, ಯಾರೋ ಬಾತುಕೋಳಿಯ ಕೊಕ್ಕು ಹೊಲಿದಿರಬೇಕು ಎಂದು ಅನುಮಾನಪಟ್ಟಿದ್ದರಂತೆ. ಪಾಪ, ಅವರದೇನೂ ತಪ್ಪಿಲ್ಲ.

ನೀರಿನೊಳಗೆ ಅದು ಕಣ್ಣು, ಕಿವಿ, ಮೂಗು ಮೂರನ್ನೂ ಮುಚ್ಚಿಕೊಳ್ಳುತ್ತದೆ. ಸೀಗಡಿ, ಹುಳುಗಳ ಮೈಯಿಂದ ಹೊರಡುವ ಸಣ್ಣ ವಿದ್ಯುತ್ತನ್ನು ಕೊಕ್ಕಿನಿಂದಲೇ ಹಿಡಿಯುತ್ತದೆ. ಸೋಮವಾರ ಮಕ್ಕಳಿಗೆ ಕಣ್ಣು ಕಿವಿ ಮುಚ್ಚಿಸಿ, ಬಚ್ಚಿಟ್ಟ ರಬ್ಬರ್‌ಗಳನ್ನು ಹುಡುಕಿಸಿದೆ. ಗಲಾಟೆಗೆ ಪಕ್ಕದ ಕ್ಲಾಸಿನಿಂದ ದೂರು ಬಂತು. ನನ್ನ ವರದಿಯಲ್ಲಿ ಅತಿ ಹೆಚ್ಚು ಅಂಕ ಬಂದದ್ದೂ ಆ ಪಾಠಕ್ಕೇ.

ನಗರದಲ್ಲಿ ಅಭ್ಯಾಸ ಮುಗಿಸಿದ ಗೆಳತಿಯರಿಗೆ ಒಳ್ಳೆಯ ಶಾಲೆಗಳೇ ಸಿಕ್ಕಿದ್ದವು, ಇಲ್ಲ ಅನ್ನುವುದಿಲ್ಲ. ಆದರೆ ಅವರ ಸಿಂಹವನ್ನು ಯಾರೂ ಪ್ರಶ್ನಿಸಲಿಲ್ಲ. ಹಾಗಾಗಿ ಶಿಕ್ಷಕರಾಗಲು ಹೊರಡುವವರಿಗೆ ಸಣ್ಣ ಊರಿನ ಶಾಲೆಗಳ ಬಗ್ಗೆಯೂ ನಿಮ್ಮ ಪುಟದಲ್ಲಿ ಒಂದಿಷ್ಟು ಜಾಗ ಕೊಡಿ. ಬೇಕಿದ್ದರೆ ನಾನೇ ಬರೆಯುತ್ತೇನೆ.

ಒಂದು ಬೇಸರ ಉಳಿದಿದೆ. ಕಾಡಿನಲ್ಲಿ ಕ್ಯಾಸೊವರಿ ಎಂಬ ಹಾರಲಾರದ ದೊಡ್ಡ ಹಕ್ಕಿ ನನಗೆ ಕಾಣಲೇ ಇಲ್ಲ. ರಜೆಯಲ್ಲಿ ಮಿಷನ್ ಬೀಚ್‌ವರೆಗೂ ಹೋಗಿದ್ದೆ. ಸಿಕ್ಕಿದ್ದು ಅದರ ಹಿಕ್ಕೆ ಮಾತ್ರ, ಒಳಗೆ ಇಡಿಇಡೀ ಬೀಜಗಳು. ಫೋಟೊ ತೋರಿಸಿದೆ. ಮಕ್ಕಳ ಲೆಕ್ಕದಲ್ಲಿ ಅದೂ ನೋಡಿದ ಹಾಗೆಯೇ ಅಂತೆ.

ಇಂತಿ,
ಒಬ್ಬ ಶಿಕ್ಷಕ ವಿದ್ಯಾರ್ಥಿನಿ, ಕ್ವೀನ್ಸ್‌ಲ್ಯಾಂಡ್