ಮಕ್ಕಳ ವಾರ್ಡಿನ ನರ್ಸ್‌ಗಳ ಮನಸ್ಸನ್ನೂ ಕೇಳಿ

ಸಂಪಾದಕರೇ,

ನವಜಾತ ಶಿಶು ಘಟಕದಲ್ಲಿ ರಾತ್ರಿ ಪಾಳಿ ಹೇಗಿರುತ್ತದೆ ಅಂತ ಹೊರಗಿನವರಿಗೆ ಗೊತ್ತಾಗುವುದು ಕಷ್ಟ. ಒಂದೂವರೆ ಕೆಜಿ ಕೂಡ ತೂಗದ ಕೂಸಿಗೆ ಎರಡು ಗಂಟೆಗೊಮ್ಮೆ ನಳಿಕೆಯಲ್ಲಿ ಹಾಲು, ಕಣ್ಣಿಗೇ ಕಾಣದಷ್ಟು ಸಣ್ಣ ನರ ಹುಡುಕಿ ಸೂಜಿ, ಮಾನಿಟರ್ ಕೂಗಿದರೆ ಓಟ, ಇದರ ನಡುವೆ ಬಾಗಿಲ ಬಳಿ ನಿಂತ ಬಾಣಂತಿಗೆ ಸಮಾಧಾನ ಹೇಳುವುದು, ಇದೆಲ್ಲಾ ನರ್ಸ್‌ಗಳ ಪಾಲಿಗೇ. ಮಗು ಉಳಿಯದಿದ್ದರೆ ಮೈ ಒರೆಸಿ, ಬಟ್ಟೆ ಸುತ್ತಿ ಅಪ್ಪನ ಕೈಗೆ ಕೊಡುವವರೂ ಅವರೇ. ಅಷ್ಟರಲ್ಲಿ ಪಕ್ಕದ ವಾರ್ಮರ್‌ನಲ್ಲಿರುವ (ಮೈ ಬೆಚ್ಚಗಿಡುವ ತೊಟ್ಟಿಲು) ಮಗುವಿಗೆ ಹಾಲಿನ ಹೊತ್ತಾಗಿರುತ್ತದೆ. ಅಳುವುದಕ್ಕೂ ಪುರುಸೊತ್ತಿಲ್ಲ.

‘ಸಿಸ್ಟರ್ ಸಿಡುಕುತ್ತಾರೆ’ ಅಂತ ದೂರುವ ನಾವು ಇದನ್ನೂ ಯೋಚಿಸಬೇಕು ಅಲ್ವಾ?

ಅಮೆರಿಕದ ಬಾಸ್ಟನ್‌ನಲ್ಲಿ 1990ರ ದಶಕದಲ್ಲಿ ‘ಶ್ವಾರ್ಟ್ಜ್ ರೌಂಡ್ಸ್’ ಅಂತ ಶುರುವಾಯಿತು. ಡಾಕ್ಟರ್, ನರ್ಸ್, ಉಳಿದ ಸಿಬ್ಬಂದಿ ಒಟ್ಟಿಗೆ ಕೂತು, ಚಿಕಿತ್ಸೆಯ ಬಗ್ಗೆ ಅಲ್ಲ, ಆ ಕೆಲಸದಿಂದ ತಮ್ಮ ಮನಸ್ಸಿಗೆ ಏನಾಯಿತು ಅಂತ ಮಾತಾಡುತ್ತಾರೆ. ಬ್ರಿಟನ್‌ನ ಎಷ್ಟೋ ಆಸ್ಪತ್ರೆಗಳೂ ಇದನ್ನು ನಡೆಸುತ್ತಿವೆ. ಇದಕ್ಕೆ ಜಾಸ್ತಿ ದುಡ್ಡೇನೂ ಬೇಡ, ಒಂದು ಕೋಣೆ, ಒಂದು ಗಂಟೆ, ಆ ಹೊತ್ತಿಗೆ ವಾರ್ಡ್ ನೋಡಿಕೊಳ್ಳಲು ಬೇರೆಯವರು ಇದ್ದರೆ ಸಾಕು. ಈ ಕೊನೆಯದೇ ನಮ್ಮಲ್ಲಿ ಕಷ್ಟ.

ಮನಸ್ಸಿನ ತೊಂದರೆ ಹೇಳಿಕೊಳ್ಳಲು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಕನ್ನಡದಲ್ಲೂ ಇದೆ, ಒಳ್ಳೆಯದೇ. ಆದರೆ ಪಾಳಿ ಮುಗಿಸಿ ಮನೆಗೆ ಹೋಗಿ ಅಡುಗೆಗೆ ನಿಲ್ಲುವವರು ಫೋನ್ ಮಾಡುವುದು ಯಾವಾಗ? ಸುಮ್ನೆ ನರ್ಸ್‌ಗಳ ದಿನ ಹೂವು ಕೊಟ್ಟರೆ ಸಾಲದು. ಆರೋಗ್ಯ ಇಲಾಖೆ ಮೊದಲು ಖಾಲಿ ಹುದ್ದೆ ತುಂಬಲಿ, ಡ್ಯೂಟಿ ಸಮಯದಲ್ಲೇ ಇಂಥ ಮಾತುಕತೆಗೆ ಬಿಡುವು ಕೊಡಲಿ.

– ಒಬ್ಬ ಓದುಗಿ, ಶಿವಮೊಗ್ಗ