ಥೈರಾಯ್ಡ್ ಗುಳಿಗೆ ಸೇವಿಸುವವರ ಜ್ವರದ ಕುರಿತು ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ಗದಗ ಜಿಲ್ಲೆ ಮುಂಡರಗಿಯ ಔಷಧ ವ್ಯಾಪಾರಿಯೊಬ್ಬನ ಗೌರವಪೂರ್ವಕ ನಮಸ್ಕಾರಗಳು.

ಥೈರಾಯ್ಡ್ ಗ್ರಂಥಿಯು ಮಿತಿಮೀರಿ ಕೆಲಸ ಮಾಡುವ ಕಾಯಿಲೆಗೆ ವೈದ್ಯರು ಸಾಮಾನ್ಯವಾಗಿ ಕಾರ್ಬಿಮಜೋಲ್ ಗುಳಿಗೆಯನ್ನು ಬರೆಯುತ್ತಾರೆ. ಎದೆಬಡಿತ, ಕೈನಡುಕಗಳನ್ನು ಹತೋಟಿಗೆ ತರುವ ಒಳ್ಳೆಯ ಔಷಧವದು. ಅದರ ಬಗ್ಗೆ ಹೆದರಿಕೆ ಹುಟ್ಟಿಸುವುದು ನನ್ನ ಉದ್ದೇಶವಲ್ಲ. ಆದರೆ ಸಾವಿರಕ್ಕೆ ಸುಮಾರು 2ರಿಂದ 5 ಜನರಲ್ಲಿ, ಬಹುಮಟ್ಟಿಗೆ ಮೊದಲ 3 ತಿಂಗಳೊಳಗೆ, ರೋಗನಿರೋಧಕ ವ್ಯವಸ್ಥೆಯು ಈ ಔಷಧದ ನೆಪದಲ್ಲಿ ದೇಹದ ಬಿಳಿ ರಕ್ತಕಣಗಳ ಮೇಲೆಯೇ ತಿರುಗಿಬೀಳುತ್ತದೆ. ಸೋಂಕನ್ನು ಮೊದಲು ಎದುರಿಸುವ ನ್ಯೂಟ್ರೊಫಿಲ್ ಕಣಗಳು ಮೈಕ್ರೊಲೀಟರಿಗೆ 500ಕ್ಕಿಂತ ಕೆಳಗೆ ಕುಸಿದು, ಸಣ್ಣ ಸೋಂಕೂ ಪ್ರಾಣಾಂತಿಕವಾಗಬಹುದು. ಅಗ್ರಾನ್ಯುಲೊಸೈಟೋಸಿಸ್ ಎಂಬ ಈ ಸ್ಥಿತಿ ಹೊರಗೆ ಕಾಣಿಸುವುದು ಮಾತ್ರ ಜ್ವರ, ಗಂಟಲು ನೋವು, ಬಾಯಿಹುಣ್ಣುಗಳಾಗಿ.

ಇಲ್ಲಿಯೇ ನಮ್ಮ ಭಾಗದ ತೊಡಕು. ಮಳೆಗಾಲದಲ್ಲಿ ಜ್ವರವೆಂದರೆ ಎಲ್ಲರ ಮನಸ್ಸಿಗೂ ಮೊದಲು ಬರುವುದು ಡೆಂಗಿ. ಡೆಂಗಿಯಲ್ಲಿಯೂ ಬಿಳಿ ರಕ್ತಕಣಗಳು ಇಳಿಯುವುದರಿಂದ, ರೋಗಿ ಯಾವ ಗುಳಿಗೆ ನುಂಗುತ್ತಿದ್ದಾರೆಂದು ಕೇಳದ ಹೊರತು ರಕ್ತದ ವರದಿ ಕೈಯಲ್ಲಿದ್ದರೂ ದಾರಿ ತಪ್ಪುವ ಸಾಧ್ಯತೆಯಿದೆ. ಕುಸಿತ ಹಠಾತ್ತಾಗಿ ಆಗುವುದರಿಂದ ತಿಂಗಳಿಗೊಮ್ಮೆ ಮಾಡಿಸುವ ಪರೀಕ್ಷೆಯನ್ನು ನಂಬಿ ಕೂರುವಂತೆಯೂ ಇಲ್ಲ. ರೋಗಿಗೇ ವಿಷಯ ತಿಳಿದಿರಬೇಕು: ಜ್ವರ ಅಥವಾ ಗಂಟಲು ನೋವು ಬಂದರೆ ಆ ಗುಳಿಗೆ ನಿಲ್ಲಿಸಿ, ಅದೇ ದಿನ ಬಿಳಿ ರಕ್ತಕಣಗಳ ಎಣಿಕೆ ಮಾಡಿಸಬೇಕು. ಅಂಥ ಲಕ್ಷಣವಿಲ್ಲದೆ ಸುಮ್ಮನೆ ಔಷಧ ಬಿಡುವುದು ಅಷ್ಟೇ ಅಪಾಯಕರ ಎಂಬುದನ್ನೂ ಜೊತೆಗೆ ಹೇಳಬೇಕು. ಔಷಧದೊಂದಿಗೆ ಬರುವ ಚೀಟಿಯಲ್ಲಿ ಎಚ್ಚರಿಕೆ ಇರುತ್ತದೆ, ಆದರೆ ಸಣ್ಣಕ್ಷರದ ಇಂಗ್ಲಿಷಿನಲ್ಲಿ. ನನ್ನ ಗಿರಾಕಿಗಳಲ್ಲಿ ಅದನ್ನು ಓದಿದವರನ್ನು ನಾನು ಕಂಡಿಲ್ಲ.

ಇದೇ ಕಾಯಿಲೆಗೆ ಕೊಡುವ ಪ್ರೊಪೈಲ್‌ಥಯೋಯುರಾಸಿಲ್ ಔಷಧದ ಉಪದ್ರವ ಇನ್ನೂ ನಿಧಾನದ್ದು. ಅದನ್ನು ವರ್ಷಗಟ್ಟಲೆ ಸೇವಿಸಿದ ಮೇಲೂ ಕೆಲವರಲ್ಲಿ ರಕ್ತನಾಳಗಳು ಉರಿಯೂತಕ್ಕೊಳಗಾಗಿ ಕೀಲುನೋವು, ಕಾಲಿನ ಮೇಲೆ ಕೆಂಪು ಗುಳ್ಳೆ, ಮೂತ್ರದಲ್ಲಿ ರಕ್ತ ಕಾಣಿಸಿಕೊಳ್ಳುತ್ತವೆ. ಕೀಲುನೋವನ್ನು ಚಿಕುನ್‌ಗುನ್ಯದ ಲೆಕ್ಕಕ್ಕೆ ಬರೆದು ನೋವಿನ ಗುಳಿಗೆ ಕೊಟ್ಟು ಕಳಿಸಿದರೆ, ಮೂತ್ರಪಿಂಡಗಳು ಕೆಡುತ್ತಿರುವುದು ಯಾರಿಗೂ ತಿಳಿಯುವುದಿಲ್ಲ.

ಆದ್ದರಿಂದ ಈ ಔಷಧಗಳನ್ನು ಬರೆಯುವ ಪ್ರತಿ ಆಸ್ಪತ್ರೆಯೂ, ಮಾರುವ ನಮ್ಮಂಥ ಪ್ರತಿ ಅಂಗಡಿಯೂ ಕನ್ನಡದ ಎಚ್ಚರಿಕೆ ಚೀಟಿಯೊಂದನ್ನು ರೋಗಿಯ ಕೈಗೆ ಕೊಡುವಂತೆ ಇಲಾಖೆಯಿಂದ ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇನೆ. ಚೀಟಿ ಮುದ್ರಿಸುವ ಖರ್ಚನ್ನು ನಾವು ಅಂಗಡಿಯವರೇ ಭರಿಸಬಹುದು. ಅದು ದೊಡ್ಡ ಮಾತಲ್ಲ. ಅದಕ್ಕಿಂತ ಮುಖ್ಯವಾಗಿ, ಚೀಟಿ ಹಿಡಿದು ಬಂದವರಿಗೆ ಮುಂಡರಗಿ, ರೋಣ, ಶಿರಹಟ್ಟಿಯಂಥ ತಾಲ್ಲೂಕು ಆಸ್ಪತ್ರೆಗಳಲ್ಲಿ ಭಾನುವಾರವಾದರೂ ಅದೇ ದಿನ ರಕ್ತಪರೀಕ್ಷೆ ನಡೆದು, ಎಣಿಕೆ ಕುಸಿದಿದ್ದರೆ ತಡಮಾಡದೆ ಗದಗ ಅಥವಾ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕಳಿಸುವ ವ್ಯವಸ್ಥೆಯಾಗಬೇಕು. ಒಂದು ಔಷಧದಿಂದ ಹೀಗಾದವರಿಗೆ ಇನ್ನೊಂದರಿಂದಲೂ ಆಗಬಹುದಾದ್ದರಿಂದ, ಎರಡನ್ನೂ ಮತ್ತೆ ಕೊಡಬಾರದೆಂದು ಅವರ ಬಿಡುಗಡೆ ಪತ್ರದಲ್ಲಿ ಕನ್ನಡದಲ್ಲಿಯೇ ನಮೂದಿಸುವಂತೆಯೂ ಆದೇಶಿಸಬೇಕು.

ತಮ್ಮ ವಿಧೇಯ,
ಮುಂಡರಗಿಯ ಔಷಧ ವ್ಯಾಪಾರಿ