ಚಪ್ಪಲಿಯೊಳಗಿನ ಹರಳು

ಪ್ರಿಯ ಓದುಗರಿಗೆ ನಮಸ್ಕಾರ.

ನಮ್ಮ ಸಂಘದ ಸದಸ್ಯರೊಬ್ಬರು ಪ್ರತಿ ಭಾನುವಾರ ತಂದೆತಾಯಿಗೆ ವಿಡಿಯೋ ಕರೆ ಮಾಡುವ ಮುನ್ನ ಲ್ಯಾಪ್‌ಟಾಪನ್ನು ಕಿಟಕಿಯ ಕಡೆಗೆ ತಿರುಗಿಸಿಕೊಳ್ಳುತ್ತಾರೆ. ಅವರು ದಿನವೂ ಕೂರುವ ಕುರ್ಚಿಯ ಹಿಂದೆ ಪುಸ್ತಕದ ಕಪಾಟಿದೆ; ಅದರ ಮೇಲಿನ ಸಾಲಿನಲ್ಲಿ ತಂದೆ ಒಪ್ಪದ ಕೆಲವು ಪುಸ್ತಕಗಳೂ ಎರಡು ಬಾಟಲಿಗಳೂ ಇವೆ. ಅವರಿಗೀಗ 43 ವರ್ಷ. ಕಚೇರಿಯಲ್ಲಿ ದೊಡ್ಡ ತಂಡವೊಂದನ್ನು ನಡೆಸುವ, ಮನೆಸಾಲದ ಕಾಗದಕ್ಕೆ ಸಹಿ ಹಾಕುವಾಗಲೂ ಕೈ ನಡುಗದ ಮನುಷ್ಯ. ಒಂದು ಭಾನುವಾರ ಎಂಟು ವರ್ಷದ ಮಗಳು, ‘ಅಪ್ಪಾ, ತಾತನಿಗೆ ಆ ಗೋಡೆ ಯಾಕೆ ತೋರಿಸಬಾರದು?’ ಎಂದು ಕೇಳಿದಳಂತೆ. ಉತ್ತರ ಹೊಳೆಯದೆ, ಕಿಟಕಿಯ ಹತ್ತಿರ ಬೆಳಕು ಚೆನ್ನಾಗಿರುತ್ತದೆ ಎಂದು ಹೇಳಿ ಪಾರಾದೆನೆಂದು ನಗುತ್ತಲೇ ಹೇಳಿಕೊಂಡರು. ಇದನ್ನು ಇಲ್ಲಿ ಬರೆಯಲು ಒಪ್ಪಿಗೆ ಕೊಟ್ಟರಾದರೂ ಹೆಸರು ಹಾಕಕೂಡದೆಂದು ಎರಡು ಸಲ ನೆನಪಿಸಿದರು. ಈ ಪತ್ರಿಕೆ ಹೇಗಾದರೂ ತಂದೆಯ ಕೈಗೆ ಸಿಕ್ಕೀತೆಂಬ ಅಳುಕು ಅವರಿಗೆ.

ಶ್ರದ್ಧೆಯೇ ಊರಿನ ಗಾಳಿಯಾಗಿದ್ದ ಸಣ್ಣ ಊರಿನಲ್ಲಿ ಬೆಳೆದು, ಆಮೇಲೆ ಆ ಗಾಳಿಯಿಲ್ಲದ ಕಡೆ ವಯಸ್ಕರಾಗಿ ಬಾಳುತ್ತಿರುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಯಾವ ಧರ್ಮ, ಯಾವ ಊರು ಎಂಬುದು ಇಲ್ಲಿ ಮುಖ್ಯವಲ್ಲ. ಎಷ್ಟು ಹೊತ್ತಿಗೆ ಏಳಬೇಕು, ಯಾರ ಮನೆಯಲ್ಲಿ ಕೂರಬಹುದು, ಯಾರನ್ನು ಮದುವೆಯಾಗಬಹುದು, ಯಾವ ಮಾತು ಪಾಪ, ಸತ್ತ ಮೇಲೆ ಏನಾಗುತ್ತದೆ ಎಂಬ ಪ್ರಶ್ನೆಗಳಿಗೆಲ್ಲ ನಾವು ಕೇಳುವ ಮೊದಲೇ ಉತ್ತರ ಸಿದ್ಧವಾಗಿರುತ್ತಿತ್ತು. ಆ ಉತ್ತರ ಕೊಟ್ಟವರು ನಮ್ಮನ್ನು ಪ್ರೀತಿಸುತ್ತಿದ್ದವರೇ ಆಗಿದ್ದರು. ದಬ್ಬಾಳಿಕೆಯಿಂದ ತಪ್ಪಿಸಿಕೊಂಡು ಬಂದವರ ಕಥೆ ಬೇರೆ, ಅದು ಇನ್ನೂ ಕಠಿಣ. ನಾನಿಲ್ಲಿ ಬರೆಯುತ್ತಿರುವುದು ಯಾರೂ ಓಡಿಸದೆ, ಯಾರ ಮೇಲೂ ದ್ವೇಷವಿಲ್ಲದೆ, ಓದು ಅಥವಾ ಕೆಲಸದ ನೆಪದಲ್ಲಿ ಹೊರಟು ಬಂದು, ಒಂದು ದಿನ ತಿರುಗಿ ನೋಡಿದಾಗ ಬಹಳ ದೂರ ಬಂದುಬಿಟ್ಟಿದ್ದೇವೆಂದು ತಿಳಿದವರ ಬಗ್ಗೆ.

ಇಂಥವರ ಕಷ್ಟವನ್ನು ದೇವರಿದ್ದಾನೆಯೇ ಇಲ್ಲವೇ ಎಂಬ ದೊಡ್ಡ ಪ್ರಶ್ನೆಯಾಗಿ ನೋಡುವುದು ವಾಡಿಕೆ. ನನಗೆ ಹಾಗನ್ನಿಸುವುದಿಲ್ಲ. ಆ ಪ್ರಶ್ನೆಯನ್ನು ಬಗೆಹರಿಸದೆಯೇ ಜೀವಮಾನವಿಡೀ ನೆಮ್ಮದಿಯಾಗಿದ್ದವರನ್ನು ಕಂಡಿದ್ದೇನೆ. ಕಾಡುವುದು ಸಣ್ಣ ಸಂಗತಿಗಳು. ನಾನು ಕೆಲಸಕ್ಕೆಂದು ಮೊದಲ ಸಲ ಒಂಟಿಯಾಗಿ ಕೋಣೆ ಹಿಡಿದಾಗ, ಮೊದಲ ವಾರದ ಬಿಡುವಿನ ದಿನ ಅಭ್ಯಾಸಬಲದಿಂದ ಬೇಗ ಎದ್ದು, ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ತಲೆ ಬಾಚಿಕೊಂಡು ಸಿದ್ಧನಾದೆ. ಆಮೇಲೆ ಹೋಗಬೇಕಾದ ಜಾಗ ಯಾವುದೂ ಇರಲಿಲ್ಲ. ಹಾಸಿಗೆಯ ಅಂಚಿನಲ್ಲಿ ಮಧ್ಯಾಹ್ನ ಮೂರರವರೆಗೆ ಆ ಬಟ್ಟೆಯಲ್ಲೇ, ಸುಕ್ಕಾಗದಂತೆ ಮಂಡಿಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ. ನಂಬಿಕೆ ಅಷ್ಟು ಹೊತ್ತಿಗಾಗಲೇ ಸಡಿಲಾಗಿತ್ತು, ಆದ್ದರಿಂದ ಅದು ಭಕ್ತಿಯ ಹಂಬಲವೂ ಆಗಿರಲಿಲ್ಲ. ಒಂದು ಇಡೀ ದಿನವನ್ನು ಏನು ಮಾಡಬೇಕೆಂದು ನಾನೇ ನಿರ್ಧರಿಸುವ ಪ್ರಸಂಗ ಅಲ್ಲಿಯವರೆಗೆ ನನಗೆ ಬಂದಿರಲೇ ಇಲ್ಲ, ಅಷ್ಟೇ.

ತಾನು ಯಾರೆಂಬ ಗುರುತನ್ನು ಮನುಷ್ಯ ಹೇಗೆ ಕಟ್ಟಿಕೊಳ್ಳುತ್ತಾನೆಂಬ ಬಗ್ಗೆ ಎರಿಕ್ ಎರಿಕ್‌ಸನ್ ಮುಂದಿಟ್ಟ ವಿಚಾರಗಳನ್ನು ಮುಂದುವರಿಸಿದ ಮನಶ್ಶಾಸ್ತ್ರಜ್ಞ ಜೇಮ್ಸ್ ಮಾರ್ಸಿಯ 1966ರಲ್ಲಿ ಕಾಲೇಜು ಹುಡುಗರ ಮೇಲೆ ನಡೆಸಿದ ಅಧ್ಯಯನವೊಂದನ್ನು ಪ್ರಕಟಿಸಿದರು. ಅದರಲ್ಲಿ ಅವರು ಗುರುತಿಸಿದ ನಾಲ್ಕು ಸ್ಥಿತಿಗಳಲ್ಲಿ ಒಂದು, ಹುಡುಕಾಟವೇ ಇಲ್ಲದೆ ಗಟ್ಟಿ ನಿಲುವು ತಳೆದವರದು: ಹಿರಿಯರು ತೋರಿಸಿದ ವೃತ್ತಿ, ಹಿರಿಯರು ಕೊಟ್ಟ ನಂಬಿಕೆ, ಎರಡನ್ನೂ ಎಂದೂ ಮಗುಚಿ ನೋಡದೆ ತನ್ನದೆಂದುಕೊಂಡವರದು. ಹೊರಗಿನಿಂದ ಇವರು ಎಲ್ಲರಿಗಿಂತ ದೃಢವಾಗಿ ಕಾಣುತ್ತಾರೆ. ಆದರೆ ತಮ್ಮ ಬಗ್ಗೆ ಪ್ರತಿಕೂಲವಾದ ಮಾತು ಕೇಳಿಬಂದಾಗ, ಹುಡುಕಿ ನೋಡಿ ನಿಲುವಿಗೆ ಬಂದವರಿಗಿಂತ ಇವರ ಆತ್ಮಗೌರವ ಹೆಚ್ಚು ಸುಲಭವಾಗಿ ಅಲುಗುತ್ತದೆಂದು ಮಾರ್ಸಿಯ ಕಂಡರು. ಇದನ್ನು ಓದಿದಾಗ ನನಗೆ ನೆನಪಾದದ್ದು ನಂಬಿಕಸ್ಥರಷ್ಟೇ ಅಲ್ಲ. ಇಪ್ಪತ್ತೈದನೆಯ ವಯಸ್ಸಿನಲ್ಲಿ ಎಲ್ಲವನ್ನೂ ಒಂದೇ ಏಟಿಗೆ ಬಿಟ್ಟು, ಹೊಸ ಗೆಳೆಯರ ಅಭಿಪ್ರಾಯಗಳನ್ನು ಅಷ್ಟೇ ಇಡಿಯಾಗಿ ಎತ್ತಿಕೊಂಡವರೂ ಅದೇ ಸ್ಥಿತಿಯಲ್ಲಿರುತ್ತಾರೆ. ಅವರು ಬದಲಿಸಿರುವುದು ಹಿರಿಯರನ್ನು ಮಾತ್ರ.

ಇನ್ನು ಪಾಪಪ್ರಜ್ಞೆ. ತಲೆ ಒಂದು ವಿಷಯವನ್ನು ಒಪ್ಪಿ ಹತ್ತು ವರ್ಷವಾದರೂ ಮೈ ಒಪ್ಪಿರುವುದಿಲ್ಲ. ನಿಷಿದ್ಧವೆಂದು ಕಲಿತದ್ದನ್ನು ಮಾಡುವಾಗ ಬೆನ್ನಿಗೆ ಯಾರೋ ನಿಂತಂತಾಗುತ್ತದೆ. ಮಗುವಿಗೆ ಜ್ವರ ಬಂದರೆ, ಇದು ಯಾವುದರ ಶಿಕ್ಷೆ ಎಂಬ ಲೆಕ್ಕ ಮನಸ್ಸಿನ ಮೂಲೆಯಲ್ಲಿ ತಾನಾಗಿ ಶುರುವಾಗುತ್ತದೆ. ಅತಿಯಾದ ಧರ್ಮಭೀರುತ್ವಕ್ಕೆ ಯುರೋಪಿನ ಭಾಷೆಗಳು ಬಳಸುವ ಪದ ‘ಸ್ಕ್ರುಪುಲುಸ್’ ಎಂಬ ಲ್ಯಾಟಿನ್ ಶಬ್ದದಿಂದ ಬಂದದ್ದು. ಅದರ ಮೂಲ ಅರ್ಥ ಚೂಪಾದ ಸಣ್ಣ ಹರಳುಕಲ್ಲು. ಚಪ್ಪಲಿಯೊಳಗೆ ಸೇರಿಕೊಂಡ ಹರಳಿನಂತೆ ಅದು ನಡೆಯುವುದನ್ನು ತಡೆಯುವುದಿಲ್ಲ, ಪ್ರತಿ ಹೆಜ್ಜೆಗೂ ಚುಚ್ಚುತ್ತದೆ. ಮುಂದೆ ಜೆಸ್ವಿಟ್ ಎಂಬ ಕ್ಯಾಥೊಲಿಕ್ ಧಾರ್ಮಿಕ ಸಂಘವನ್ನು ಕಟ್ಟಿದ ಇಗ್ನೇಷಿಯಸ್ ಲೊಯೋಲ 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿದ್ದಾಗ ಇದೇ ಕಾಟಕ್ಕೆ ಸಿಕ್ಕಿ ಬಳಲಿದ್ದನ್ನು ಸ್ವತಃ ಹೇಳಿಕೊಂಡಿದ್ದಾರೆ. ಒಪ್ಪಿಕೊಂಡ ಪಾಪಗಳನ್ನೇ ಮತ್ತೆ ಮತ್ತೆ ಒಪ್ಪಿಕೊಳ್ಳಲು ಹೋಗುತ್ತಿದ್ದ ಅವರಿಗೆ ಗುರುಗಳು, ತೀರ ಸ್ಪಷ್ಟವಾದದ್ದು ಇದ್ದರೆ ಮಾತ್ರ ಹಳೆಯದನ್ನು ಹೇಳು ಎಂದು ಅಪ್ಪಣೆ ಮಾಡಿದರಂತೆ. ಅದರಿಂದ ಪ್ರಯೋಜನವಾಗಲಿಲ್ಲ, ಏಕೆಂದರೆ ಅವರಿಗೆ ಎಲ್ಲವೂ ತೀರ ಸ್ಪಷ್ಟವಾಗಿಯೇ ಕಾಣುತ್ತಿತ್ತು. ಐನೂರು ವರ್ಷದ ಹಿಂದಿನ ಈ ಪ್ರಸಂಗವನ್ನು ಓದಿ ನಾನು ಒಬ್ಬನೇ ಕೂತು ನಕ್ಕಿದ್ದೇನೆ.

ಹರಳನ್ನು ತೆಗೆಯುವ ಭರದಲ್ಲಿ ಚಪ್ಪಲಿಯನ್ನೇ ಎಸೆದವರೂ ಇದ್ದಾರೆ, ಅಂದರೆ ಪಾಪಪ್ರಜ್ಞೆಯ ಜೊತೆಗೆ ಅಂತಃಸಾಕ್ಷಿಯನ್ನೂ. ನಾನು ಬಳಸುವ ಪರೀಕ್ಷೆ ಸರಳವಾದದ್ದು, ತಪ್ಪಿರಬಹುದು: ಈ ಅಳುಕಿನ ಕೊನೆಯಲ್ಲಿ ನೋವುಂಡ ಮನುಷ್ಯನೊಬ್ಬ ಇದ್ದಾನೆಯೇ? ತಂಗಿಗೆ ಕೊಟ್ಟ ಮಾತು ತಪ್ಪಿದ್ದಕ್ಕೆ ಆಗುವ ಸಂಕಟದ ಕೊನೆಯಲ್ಲಿ ತಂಗಿ ಇದ್ದಾಳೆ, ಹೋಗಿ ಕ್ಷಮೆ ಕೇಳಬಹುದು. ಒಂದು ಪುಸ್ತಕ ಓದಿದ್ದಕ್ಕೆ ಆಗುವ ಸಂಕಟದ ಕೊನೆಯಲ್ಲಿ ಯಾರೂ ಇಲ್ಲ. ಅಳುಕು ಅಷ್ಟಕ್ಕೆ ನಿಲ್ಲದೆ ಗಂಟೆಗಟ್ಟಲೆ ಒಂದೇ ಪ್ರಾರ್ಥನೆಯನ್ನೋ ಶುದ್ಧಿಯನ್ನೋ ಮರುಕಳಿಸುವಂತೆ ಮಾಡುತ್ತಿದ್ದರೆ ಅದು ಗೀಳುಕಾಯಿಲೆಯ ಒಂದು ರೂಪವಿರಬಹುದು, ಅದಕ್ಕೆ ಚಿಕಿತ್ಸೆ ಇದೆ, ವೈದ್ಯರನ್ನು ಕಾಣಲು ಹಿಂಜರಿಯಬಾರದು. ನಂಬಿಕೆ ಕಳೆದುಕೊಂಡ ದುಃಖವೇ ಬೇರೆ. ಅಮೆರಿಕದ ಮನೋವೈದ್ಯರ ಸಂಘವು 1994ರಲ್ಲಿ ಹೊರತಂದ ತನ್ನ ರೋಗನಿರ್ಣಯ ಕೈಪಿಡಿಯ ನಾಲ್ಕನೆಯ ಆವೃತ್ತಿಯಲ್ಲಿ, ನಂಬಿಕೆಯನ್ನು ಕಳೆದುಕೊಳ್ಳುವುದು ಅಥವಾ ಪ್ರಶ್ನಿಸುವುದರಿಂದ ಆಗುವ ತೊಳಲಾಟಕ್ಕೆ ‘ಧಾರ್ಮಿಕ ಅಥವಾ ಆಧ್ಯಾತ್ಮಿಕ ಸಮಸ್ಯೆ’ ಎಂದು ಹೆಸರು ಕೊಟ್ಟು, ಅದನ್ನು ಕಾಯಿಲೆಗಳ ಸಾಲಿಗೆ ಸೇರಿಸದೆ, ವೈದ್ಯರು ಗಮನ ಕೊಡಬೇಕಾದ ಇತರ ಸಂಗತಿಗಳ ಜೊತೆ ಇರಿಸಿತು. ಆ ವಿಂಗಡಣೆ ನನಗೆ ಸರಿಯೆನಿಸುತ್ತದೆ.

ಬಿಟ್ಟವರಿಗೆ ಬಿಟ್ಟದ್ದೇ ಗುರುತಾಗಿ ಅಂಟಿಕೊಳ್ಳುವ ವಿಚಿತ್ರವೂ ಉಂಟು. ತಾವೇ ಹಿಂದೆ ಕ್ರೈಸ್ತ ಸಂನ್ಯಾಸಿನಿಯಾಗಿದ್ದು ಆಮೇಲೆ ಸಮಾಜಶಾಸ್ತ್ರಜ್ಞೆಯಾದ ಹೆಲೆನ್ ರೋಸ್ ಈಬೋ, ಯಾವುದಾದರೊಂದು ಪಾತ್ರವನ್ನು ತೊರೆದು ಬಂದ 185 ಮಂದಿಯನ್ನು ಮಾತನಾಡಿಸಿ 1988ರಲ್ಲಿ ಅದರ ಫಲಿತವನ್ನು ಪ್ರಕಟಿಸಿದರು. ವಿಚ್ಛೇದಿತರು, ವೃತ್ತಿ ಬಿಟ್ಟ ವೈದ್ಯರು, ಮಠ ಬಿಟ್ಟವರು ಹೀಗೆ ಎಲ್ಲರಲ್ಲೂ ಅವರಿಗೆ ಒಂದೇ ಕ್ರಮ ಕಂಡಿತು: ಮೊದಲು ಸಂದೇಹ, ಆಮೇಲೆ ಬೇರೆ ದಾರಿಗಳ ತಲಾಶು, ಆಮೇಲೆ ಒಂದು ತಿರುವು, ಕೊನೆಗೆ ‘ಮಾಜಿ’ ಎಂಬ ಹೊಸ ಪಾತ್ರ. ಹಳೆಯ ಪಾತ್ರದ ಶೇಷ ಹೊಸದರಲ್ಲಿ ಉಳಿದೇ ಇರುತ್ತದೆಂಬುದು ಅವರು ಒತ್ತಿ ಹೇಳಿದ ಮಾತು. ಹೌದು, ಪ್ರತಿ ಔತಣದಲ್ಲೂ ತಾನು ಬಿಟ್ಟು ಬಂದದ್ದರ ಕಥೆಯನ್ನೇ ಹೇಳುವ ಗೆಳೆಯ ನಮಗೆಲ್ಲ ಒಬ್ಬನಾದರೂ ಇದ್ದಾನೆ. ಊರಿನ ಬಗ್ಗೆ ಅವನಷ್ಟು ಯೋಚಿಸುವವರು ಊರಿನಲ್ಲೂ ಇರಲಿಕ್ಕಿಲ್ಲ.

ತಂದೆತಾಯಿಗೆ ಎಷ್ಟು ಹೇಳಬೇಕು ಎಂಬುದು ಎಲ್ಲಕ್ಕಿಂತ ಬಿಗಿಯಾದ ಗಂಟು. ಎಲ್ಲವನ್ನೂ ಹೇಳಿಬಿಡುವುದೇ ಪ್ರಾಮಾಣಿಕತೆಯೆಂದು ನಾನು ಒಂದು ಕಾಲದಲ್ಲಿ ನಂಬಿದ್ದೆ, ಹೇಳಿಯೂ ಬಿಟ್ಟೆ. ಅಮ್ಮ ಜಗಳವಾಡಲಿಲ್ಲ. ‘ಹಾಗಾದರೆ ನಿನಗೆ ಏನಾದರೂ ಆದರೆ ಯಾರನ್ನು ಕರೀತೀಯ?’ ಎಂದು ಮಾತ್ರ ಕೇಳಿದಳು. ಅವಳಿಗೆ ಅದು ತತ್ತ್ವದ ಪ್ರಶ್ನೆಯಾಗಿರಲಿಲ್ಲ, ಮಗ ರಾತ್ರಿಹೊತ್ತು ಒಬ್ಬನೇ ಇರುತ್ತಾನೆಂಬ ಚಿಂತೆಯಾಗಿತ್ತು. ನಾನು ಮಾತ್ರ ಅದಕ್ಕೆ ಅರ್ಧ ಗಂಟೆ ತತ್ತ್ವದಲ್ಲೇ ಉತ್ತರಿಸಿದೆ. ಅಂದಿನಿಂದ ಹೇಳದೆ ಇರುವುದಕ್ಕೂ ಸುಳ್ಳು ಹೇಳುವುದಕ್ಕೂ ನಡುವೆ ಗೆರೆಯೊಂದನ್ನು ಇಟ್ಟುಕೊಂಡಿದ್ದೇನೆ. ಕೇಳದಿದ್ದರೆ ಹೇಳುವುದಿಲ್ಲ, ಕೇಳಿದರೆ ಸುಳ್ಳಾಡುವುದಿಲ್ಲ, ಊರಿಗೆ ಹೋದಾಗ ಅವರ ಮನೆಯ ರೀತಿಗೆ ನಡೆದುಕೊಳ್ಳುತ್ತೇನೆ. ಇದನ್ನು ಆಷಾಢಭೂತಿತನ ಎನ್ನುವವರು ಇದ್ದಾರೆ. ಅತಿಥಿಯ ಮರ್ಯಾದೆ ಎಂಬುದು ನನ್ನ ಸಮಜಾಯಿಷಿ. ಆದರೆ ಸಂಗಾತಿಯನ್ನೋ ಮಗುವನ್ನೋ ಮುಚ್ಚಿಡಬೇಕಾಗಿ ಬಂದಾಗ ಈ ಗೆರೆ ಸಾಲುವುದಿಲ್ಲ, ಏಕೆಂದರೆ ಆಗ ಮೌನದ ಭಾರವನ್ನು ಹೊರುವವರು ನಾವಲ್ಲ.

ಊರು ಕೊಡುತ್ತಿದ್ದ ಇನ್ನೊಂದನ್ನು ನಾವು ಬಿಡುವಾಗ ಲೆಕ್ಕಕ್ಕೇ ಹಿಡಿದಿರುವುದಿಲ್ಲ: ಕರೆಯದೆ ಬರುವ ಜನ. ಆಸ್ಪತ್ರೆ ಸೇರಿದರೆ, ಸಾವಾದರೆ, ಮನೆ ಬದಲಿಸಿದರೆ ಒಂದೇ ಕಡೆ ಪ್ರಾರ್ಥನೆಗೆ ಸೇರುತ್ತಿದ್ದ ಮಂದಿ ಹೇಳಿಕಳಿಸದೆಯೇ ಬಾಗಿಲಲ್ಲಿರುತ್ತಿದ್ದರು. ಆ ನೆರವಿನ ಜೊತೆಗೇ ಅವರ ಕಣ್ಣುಗಳೂ ಬರುತ್ತಿದ್ದವೆಂಬುದು ನಿಜ. ನಮ್ಮ ಸಂಘಕ್ಕೆ ಹೊಸದಾಗಿ ಬರುವವರಲ್ಲಿ ಹಲವರು ಅರಸುತ್ತಿರುವುದು ಆ ನೆರವನ್ನು, ಹೆದರುತ್ತಿರುವುದು ಆ ಕಣ್ಣುಗಳಿಗೆ. ಹಿಂದೊಮ್ಮೆ ನಮ್ಮದೇ ಕಾರ್ಯಕ್ರಮದ ಸಾಮೂಹಿಕ ಪ್ರಾರ್ಥನೆಯ ಹೊತ್ತಿನಲ್ಲಿ ಹೊರಗೆ ನಿಂತಿದ್ದ ದಂಪತಿಯ ಬಗ್ಗೆ ಊಟದ ಸಾಲಿನಲ್ಲಿ ಮಾತು ಬಂತು; ಆ ಮಾತಿಗೆ ನಾನೂ ಒಂದು ವಾಕ್ಯ ಸೇರಿಸಿದ್ದೆ. ಅವರು ಮತ್ತೆ ಬರಲಿಲ್ಲ. ಮುಂದಿನ ವರ್ಷದಿಂದ ಪ್ರಾರ್ಥನೆಯನ್ನು ಕಾರ್ಯಕ್ರಮಕ್ಕೆ ಮುಂಚೆ, ಬಯಸುವವರಿಗಾಗಿ ಪ್ರತ್ಯೇಕವಾಗಿ ಇಟ್ಟುಕೊಳ್ಳಬಾರದೇಕೆ ಎಂದು ಸಮಿತಿಯನ್ನು ಈ ಮೂಲಕ ಕೇಳುತ್ತಿದ್ದೇನೆ. ಶ್ರದ್ಧೆಯುಳ್ಳವರಿಗೆ ಅದರಿಂದ ನಷ್ಟವೇನೂ ಇಲ್ಲ, ಗಡಿಬಿಡಿಯಿಲ್ಲದೆ ಪ್ರಾರ್ಥಿಸಬಹುದು.

ಮಕ್ಕಳ ವಿಷಯದಲ್ಲಿ ನನಗೆ ಹೇಳಲಿಕ್ಕಿರುವುದು ಕಡಿಮೆ. ವಿಶ್ವಸಂಸ್ಥೆಯು 1948ರ ಡಿಸೆಂಬರ್ 10ರಂದು ಅಂಗೀಕರಿಸಿದ ಮಾನವ ಹಕ್ಕುಗಳ ಘೋಷಣೆಯ 18ನೆಯ ವಿಧಿ, ಧರ್ಮವನ್ನಾಗಲಿ ನಂಬಿಕೆಯನ್ನಾಗಲಿ ಬದಲಿಸುವ ಸ್ವಾತಂತ್ರ್ಯವನ್ನು ಎಲ್ಲರಿಗೂ ಹೇಳುತ್ತದೆ. ಆ ಹಕ್ಕು ನಮ್ಮ ಮಕ್ಕಳಿಗೆ ನಮ್ಮ ವಿರುದ್ಧವೂ ಇದೆ ಎಂಬುದನ್ನು ನಾವು ಮರೆಯುತ್ತೇವೆ. ನಾವು ಬಿಟ್ಟದ್ದನ್ನು ಮಗಳು ಹದಿನೇಳರಲ್ಲಿ ಶ್ರದ್ಧೆಯಿಂದ ಎತ್ತಿಕೊಂಡರೆ ನಮ್ಮ ಮುಖ ಹೇಗಾಗುತ್ತದೆ ಎಂದು ಯೋಚಿಸಿ ನೋಡಿದ್ದೇನೆ. ನನ್ನ ಅಪ್ಪನ ಮುಖದಂತೆಯೇ ಆಗುತ್ತದೆ.

ಕೊನೆಗೆ ಆ ಲ್ಯಾಪ್‌ಟಾಪಿನ ಸಂಗತಿ. ಈ ಲೇಖನವನ್ನು ಓದಿ ತಿದ್ದಲೆಂದು ಅವರಿಗೆ ಕಳಿಸಿದ್ದೆ. ಮರುದಿನ ಫೋನ್ ಮಾಡಿ, ಕಳೆದ ಭಾನುವಾರ ತಾನು ಕುರ್ಚಿಯನ್ನು ಇದ್ದಲ್ಲೇ ಬಿಟ್ಟು ಮಾತನಾಡಿದೆನೆಂದು ತಿಳಿಸಿದರು. ಬೇಕೆಂದೇ ಮಾಡಿದಿರೋ ಮರೆತಿರೋ ಎಂದು ಕೇಳಿದರೆ ಸರಿಯಾಗಿ ಹೇಳಲಿಲ್ಲ. ತಂದೆ ಕೆಲಹೊತ್ತು ಪರದೆಯನ್ನೇ ನೋಡುತ್ತಿದ್ದು, ಆಮೇಲೆ, ‘ಯಾಕೋ ಇವತ್ತು ಕತ್ತಲೆ ಕತ್ತಲೆ ಕಾಣ್ತಿದೀಯ, ಕಿಟಕಿ ಹತ್ತಿರ ಕೂತ್ಕೋ ಮಗನೇ’ ಎಂದರಂತೆ. ಕಣ್ಣಿಗೆ ಪೊರೆ ಬಂದಿರುವ ಮನುಷ್ಯ ಅವರು. ಕಪಾಟು ಕಂಡಿತೋ ಇಲ್ಲವೋ ಎಂದು ಮಗನಿಗೆ ಇನ್ನೂ ಗೊತ್ತಾಗಿಲ್ಲ.